ಅರಿಶಿನದ ಎಳೆ ಒಂದೇ ದಿನಕ್ಕೆ ಖಾಲಿಯಾಯ್ತಾ? ಸೂಜಿ ಮುಟ್ಟುವ ಮೊದಲು ಲೆಕ್ಕ ಕೂಡಿಸಿ

ಮುಂಬೈ, ಪುಣೆ, ಗೋವಾದ ಲ್ಯಾಬ್‌ಗಳಲ್ಲಿ ಎಲೆಕ್ಟ್ರೋಸ್ಪಿನ್ನಿಂಗ್ (ಪಾಲಿಮರ್ ದ್ರಾವಣವನ್ನು ಹೆಚ್ಚಿನ ವೋಲ್ಟೇಜ್‌ನಲ್ಲಿ ಸೂಜಿಯಿಂದ ಎಳೆದು ನೂಲು ತೆಗೆಯುವುದು) ಮಾಡುವ ಕನ್ನಡದ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯಿಂದ ಎಂಎಸ್ಸಿ, ಎಂಫಾರ್ಮ್ ಮುಗಿಸಿ ಬಂದವರೇ ಜಾಸ್ತಿ. ಕೆಲಸ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ತಾನಾಗಿ ಕೊಳೆತು ಹೋಗುವ ಒಂದು ಪಾಲಿಮರ್ ತಗೊಂಡು, ಗಿಡದಿಂದ ತೆಗೆದ ಒಂದು ಅಂಶವನ್ನು ಅದರಲ್ಲಿ ಬೆರೆಸಿ, ಕೂದಲಿಗಿಂತ ಎಷ್ಟೋ ತೆಳುವಾದ ಎಳೆ ತೆಗೆಯುವುದು. ಆ ಎಳೆಗಳು ಒಂದರ ಮೇಲೊಂದು ಬಿದ್ದು ಬಟ್ಟೆಯಂಥ ಮ್ಯಾಟ್ ಆಗುತ್ತದೆ. ಗಾಯದ ಮೇಲೋ, ಹಣ್ಣಿನ ಪೆಟ್ಟಿಗೆಯೊಳಗೋ ಕೂತು ಆ ಅಂಶವನ್ನು ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಅನ್ನೋದು ಆಸೆ.

ಎಷ್ಟು ಬಿಡುತ್ತದೆ ಅಂತ ನೋಡಲು ಮ್ಯಾಟ್ ತುಂಡನ್ನು ಬಫರ್‌ನಲ್ಲಿ (ಪಿಹೆಚ್ ಬದಲಾಗದಂತೆ ಹಿಡಿದಿಡುವ ದ್ರವ) ಮುಳುಗಿಸಿಟ್ಟು ಆಗಾಗ ಅಳೆಯುತ್ತಾರೆ, ಅದೇ ರಿಲೀಸ್ ಪರೀಕ್ಷೆ. ದೂರುಗಳೂ ಮೂರ್ನಾಲ್ಕೇ. ಮೊದಲ ದಿನವೇ ಎಲ್ಲಾ ಬಿಟ್ಟುಬಿಡ್ತು. ಇಲ್ಲಾಂದ್ರೆ ಏನೂ ಬಿಡ್ತಾನೇ ಇಲ್ಲ. ಇಲ್ಲಾಂದ್ರೆ ಮೂರನೇ ದಿನ ಗ್ರಾಫ್ ಕೆಳಗೆ ಇಳೀತು. ಇಲ್ಲಾಂದ್ರೆ ನೂರಿಪ್ಪತ್ತು ಪರ್ಸೆಂಟ್ ಬಂತು. ಇವುಗಳಲ್ಲಿ ಯಾವುದು ಬಂದರೂ ಎಲ್ಲರೂ ಮಾಡೋದು ಒಂದೇ ಕೆಲಸ: ಸೀದಾ ಹೋಗಿ ವೋಲ್ಟೇಜ್ ಬದಲಿಸುವುದು, ಪಾಲಿಮರ್ ಬದಲಿಸುವುದು, ಎರಡು ತಿಂಗಳು ಹೊಸ ಹೊಸ ಮ್ಯಾಟ್ ಮಾಡುತ್ತಾ ಕೂರುವುದು. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪು ಎಳೆಯಲ್ಲಿರಬಹುದು, ಒಳಗಿನ ಅಂಶದಲ್ಲಿರಬಹುದು, ಅಥವಾ ಮ್ಯಾಟ್ ಮುಳುಗಿಸಿಟ್ಟ ಬಾಟಲಿಯಲ್ಲೇ ಇರಬಹುದು. ಎಲ್ಲಿದೆ ಅಂತ ಗೊತ್ತಾಗುವವರೆಗೆ ಸೂಜಿಯ ತಂಟೆಗೆ ಹೋಗಬೇಡಿ. ನನ್ನ ಅನುಭವದಲ್ಲಿ ಬಾಟಲಿಯ ತಪ್ಪೇ ಜಾಸ್ತಿ.

ಮೊದಲು ಜಮಾ-ಖರ್ಚು

ಹಾಕಿದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು, ಒಳಗೆ ಉಳಿದದ್ದು ಎಷ್ಟು. ಈ ಮೂರನ್ನು ತಾಳೆ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಹಾಕಿದ್ದು ಅಂದರೆ ಬೀಕರ್‌ಗೆ ನೀವು ತೂಗಿ ಹಾಕಿದ್ದಲ್ಲ. ಮ್ಯಾಟ್‌ನಲ್ಲಿ ನಿಜವಾಗಿ ಇರುವುದು. ಎರಡೂ ಒಂದೇ ಅಂತ ಯಾರೂ ಗ್ಯಾರಂಟಿ ಕೊಡುವುದಿಲ್ಲ. ಸಿರಿಂಜ್ ತಳದಲ್ಲಿ ಪುಡಿ ಕೂತಿರುತ್ತದೆ, ಸೂಜಿಯಿಂದ ಹನಿ ಬಿದ್ದಿರುತ್ತದೆ, ಒಣಗಿಸುವಾಗ ಹಾರಿ ಹೋಗಿರುತ್ತದೆ. ಹಾಗಾಗಿ ಪರೀಕ್ಷೆಗೆ ಹಾಕದ ಒಂದು ತುಂಡು ತಗೊಳ್ಳಿ, 10 ಮಿಲಿಗ್ರಾಂ ಸಾಕು. ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್ ಅನ್ನುವ ಪಾಲಿಮರ್) ಆದರೆ ಸ್ವಲ್ಪ ಕ್ಲೋರೋಫಾರ್ಮ್‌ನಲ್ಲಿ ಪೂರ್ತಿ ಕರಗಿಸಿ. ಆಮೇಲೆ ಮೆಥನಾಲ್ ಸುರಿಯಿರಿ. ಪಿಸಿಎಲ್ ಮೆಥನಾಲ್‌ನಲ್ಲಿ ಕರಗುವುದಿಲ್ಲ, ಮುದ್ದೆಯಾಗಿ ಬೀಳುತ್ತದೆ. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಮೇಲಿನ ದ್ರಾವಣದಲ್ಲೇ ಉಳಿಯುತ್ತದೆ. ಈಗ ಆ ಮುದ್ದೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳ್ಳಗಿದ್ದರೆ ಸರಿ. ಇನ್ನೂ ಹಳದಿ ಇದ್ದರೆ ಕರ್ಕ್ಯುಮಿನ್ ಅದರೊಳಗೆ ಸಿಕ್ಕಿಕೊಂಡಿದೆ ಅಂತ ಅರ್ಥ. ಮತ್ತೆ ಕರಗಿಸಿ, ಮತ್ತೆ ಬೀಳಿಸಿ, ಬಿಳುಪಾಗುವವರೆಗೆ ಮಾಡಿ, ಪ್ರತಿ ಸಲದ ಮೇಲಿನ ದ್ರಾವಣವನ್ನೂ ಒಟ್ಟು ಸೇರಿಸಿ ಯುವಿಯಲ್ಲಿ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರ) 425 ನ್ಯಾನೋಮೀಟರ್ ಹತ್ತಿರ ಓದಿ. ಗೊತ್ತಿರುವ ಪ್ರಮಾಣಗಳನ್ನು ಓದಿ ಎಳೆಯುವ ಕ್ಯಾಲಿಬ್ರೇಷನ್ ಗೆರೆ ಕೂಡ ಅದೇ ಕ್ಲೋರೋಫಾರ್ಮ್-ಮೆಥನಾಲ್ ಮಿಶ್ರಣದಲ್ಲೇ ಎಳೆದಿರಬೇಕು. ಎಥನಾಲ್‌ನಲ್ಲಿ ಎಳೆದ ಗೆರೆ ಇಟ್ಟುಕೊಂಡು ಬಫರ್‌ನ ಓದು ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಅಲ್ಲಿ ಬರುವ ಅಂಕಿಗೆ ಬೆಲೆಯಿಲ್ಲ.

ರಿಲೀಸ್ ಪರೀಕ್ಷೆ ಮುಗಿದ ಮೇಲೆ ಉಳಿದ ಮ್ಯಾಟ್ ಎಸೆಯಬೇಡಿ. ಅದನ್ನೂ ಇದೇ ರೀತಿ ಕರಗಿಸಿ ಅಳೆಯಿರಿ. ಖಾಲಿ ಬಾಟಲಿಯ ಗೋಡೆಯನ್ನು ಮೆಥನಾಲ್‌ನಿಂದ ಜಾಲಿಸಿ ಅದನ್ನೂ ಅಳೆಯಿರಿ. ಪ್ಲಾಸ್ಟಿಕ್ ಟ್ಯೂಬ್ ಬಳಸಿದ್ದರೆ ಅದು ಹಳದಿ ಬಣ್ಣ ಹಿಡಿದಿರುತ್ತದೆ, ಕಣ್ಣಿಗೇ ಕಾಣುತ್ತದೆ. ಹಾಗೆ ಹಿಡಿದದ್ದೆಲ್ಲಾ ನಿಮ್ಮ ಗ್ರಾಫ್‌ನಿಂದ ಕಳೆದುಹೋದ ಮಾಲು. ನೈಲಾನ್ ಫಿಲ್ಟರ್ ಕೂಡ ಇದೇ ಕೆಲಸ ಮಾಡುತ್ತದೆ, ಕರ್ಕ್ಯುಮಿನ್‌ನಂಥ ಪಾಲಿಫೀನಾಲ್‌ಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗಾಜಿನ ಬಾಟಲಿ ಬಳಸಿ, ಫಿಲ್ಟರ್ ಬದಲು ಸೆಂಟ್ರಿಫ್ಯೂಜ್ ಮಾಡಿ. ಕಂದು ಗಾಜಿನ ಸಣ್ಣ ಬಾಟಲಿಗಳು ಮುಂಬೈಯ ಪ್ರಿನ್ಸೆಸ್ ಸ್ಟ್ರೀಟ್ ಕಡೆಯ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ.

ಹೊರಗೆ ಬಂದದ್ದು, ಒಳಗೆ ಉಳಿದದ್ದು, ಗೋಡೆಗೆ ಅಂಟಿದ್ದು ಮೂರೂ ಕೂಡಿಸಿದಾಗ ಹಾಕಿದ್ದಕ್ಕೆ ಹತ್ತಿರ ಬಂತಾ? ಹಾಗಾದರೆ ನಿಮ್ಮ ಗ್ರಾಫ್ ನಿಜ ಹೇಳುತ್ತಿದೆ, ಎಳೆಯ ಕಡೆ ಹೋಗಬಹುದು. ತುಂಬಾ ಕಡಿಮೆ ಬಂದರೆ ಅಂಶ ಒಡೆದು ಹೋಗಿದೆ ಅಥವಾ ಎಲ್ಲೋ ಅಂಟಿಕೊಂಡಿದೆ. ನೂರನ್ನು ದಾಟಿದರೆ ತೂಕದಲ್ಲೋ ಕ್ಯಾಲಿಬ್ರೇಷನ್‌ನಲ್ಲೋ ಎಡವಟ್ಟಿದೆ. ನೂರು ದಾಟಲು ಬಹಳ ಸಾಮಾನ್ಯ ಕಾರಣ ಮ್ಯಾಟ್‌ನ ದಪ್ಪ. ಎಳೆ ಬಂದು ಬೀಳುವ ಕಲೆಕ್ಟರ್‌ನ ನಡುವೆ ದಪ್ಪ, ಅಂಚಿನಲ್ಲಿ ತೆಳು. ಎರಡು ಸೆಂಟಿಮೀಟರ್ ಚೌಕ ಕತ್ತರಿಸಿ "ಎಲ್ಲಾ ಒಂದೇ ಸೈಜು" ಅಂದರೆ ಆಗದು. ಪ್ರತಿ ತುಂಡನ್ನೂ ತೂಗಬೇಕು, ಮಿಲಿಗ್ರಾಂ ಲೆಕ್ಕದಲ್ಲಿ.

ಗ್ರಾಫ್ ಕೆಳಗೆ ಇಳಿದರೆ

ಒಟ್ಟು ಬಿಟ್ಟದ್ದನ್ನು ತೋರಿಸುವ ಗ್ರಾಫ್ ಯಾವತ್ತೂ ಕೆಳಗೆ ಇಳಿಯಬಾರದು. ಇಳಿಯಿತು ಅಂದರೆ ಎರಡರಲ್ಲಿ ಒಂದು. ಮೊದಲನೆಯದು ಲೆಕ್ಕದ ತಪ್ಪು: ಪ್ರತಿ ಸಲ 1 ಮಿ.ಲೀ. ತೆಗೆದು ಹೊಸ ಬಫರ್ ಹಾಕುತ್ತೀರಿ, ಆ ತೆಗೆದದ್ದರಲ್ಲಿ ಹೋದ ಅಂಶವನ್ನು ಮುಂದಿನ ಲೆಕ್ಕಕ್ಕೆ ಸೇರಿಸಿಲ್ಲ. ಇದು ಎಕ್ಸೆಲ್‌ನಲ್ಲಿ ಐದು ನಿಮಿಷದ ಕೆಲಸ.

ಎರಡನೆಯದು ಗಂಭೀರ. ಕರ್ಕ್ಯುಮಿನ್ ನಿಮ್ಮ ಬಫರ್‌ನಲ್ಲಿ ಬದುಕುವುದೇ ಇಲ್ಲ. ಪಿಹೆಚ್ 7.2ರ ಫಾಸ್ಫೇಟ್ ಬಫರ್, 37 ಡಿಗ್ರಿ ಶಾಖ, ಸೀರಮ್ (ರಕ್ತದ ತಿಳಿ ದ್ರವ) ಇಲ್ಲ: ಈ ಸ್ಥಿತಿಯಲ್ಲಿ ಅರ್ಧ ಗಂಟೆಯೊಳಗೆ ಸುಮಾರು 90 ಪರ್ಸೆಂಟ್ ಒಡೆದು ಹೋಗುತ್ತದೆ ಅಂತ 1997ರಲ್ಲೇ ಅಳೆದು ಪ್ರಕಟಿಸಿದ್ದಾರೆ. ಇಷ್ಟು ಹಳೆಯ ವಿಷಯ. ಆದರೂ ಇವತ್ತಿಗೂ ಹದಿನೈದು ದಿನದ ಪರೀಕ್ಷೆಯನ್ನು ಬರೀ ಪಿಬಿಎಸ್‌ನಲ್ಲಿ (ಉಪ್ಪು ಸೇರಿದ ಇಂಥದೇ ಫಾಸ್ಫೇಟ್ ಬಫರ್) ಇಡುತ್ತಾರೆ. ಎಳೆ ಪಾಪ ದಿನಾ ತನ್ನ ಪಾಲನ್ನು ಬಿಡುತ್ತಿರುತ್ತದೆ, ಬಿಟ್ಟದ್ದು ಬಿಟ್ಟ ಹಾಗೇ ನಾಶವಾಗುತ್ತಿರುತ್ತದೆ, ನಮಗೆ ಕಾಣುವುದು ಬಿಟ್ಟದ್ದರಿಂದ ಸತ್ತದ್ದನ್ನು ಕಳೆದು ಉಳಿದ ಚೂರು ಮಾತ್ರ. ಅದನ್ನು ನೋಡಿ "ರಿಲೀಸ್ ನಿಂತುಹೋಯ್ತು" ಅಂತ ಪಾಲಿಮರ್ ಬದಲಿಸಿದರೆ ಏನು ಪ್ರಯೋಜನ?

ಪತ್ತೆ ಹಚ್ಚುವುದು ಸುಲಭ. ಮ್ಯಾಟ್ ಇಲ್ಲದೆ, ಗೊತ್ತಿರುವ ಅಳತೆಯ ಕರ್ಕ್ಯುಮಿನ್ ಮಾತ್ರ ಅದೇ ಬಫರ್‌ಗೆ ಹಾಕಿ, ಅದೇ ಶೇಕರ್‌ನಲ್ಲಿ, ಅದೇ ಸಮಯಕ್ಕೆ ಓದಿ. ಈ ಕಂಟ್ರೋಲ್ ಕುಸಿಯುತ್ತಿದ್ದರೆ ಮ್ಯಾಟ್‌ನ ಅಂಕಿ ಎಲ್ಲವೂ ಅನುಮಾನದ್ದೇ. ಬಣ್ಣವೂ ಸುಳಿವು ಕೊಡುತ್ತದೆ. ಉಜ್ವಲ ಹಳದಿ ಮಾಸಿ ಮಾಸಿ ತೆಳು ಕಂದಾಗಿ ತಿರುಗುತ್ತದೆ. ಲ್ಯಾಬ್ ಕಿಟಕಿಯ ಹತ್ತಿರ ಇಟ್ಟರೆ ಇನ್ನೂ ಬೇಗ, ಬೆಳಕೂ ಅದನ್ನು ಒಡೆಯುತ್ತದೆ.

ಪರಿಹಾರ ಎರಡಿವೆ. ಬಫರ್‌ಗೆ ಟ್ವೀನ್ 80 ತರಹದ್ದು, ಅಂದರೆ ಸೋಪಿನಂತೆ ಕೆಲಸ ಮಾಡುವ ವಸ್ತು, ಸ್ವಲ್ಪ ಸೇರಿಸಿದರೆ ಕರ್ಕ್ಯುಮಿನ್ ಅದರ ಮೈಸೆಲ್ (ಅಣುಗಳ ಸಣ್ಣ ಗುಂಪು) ಒಳಗೆ ಕೂತು ನಿಧಾನವಾಗಿ ಒಡೆಯುತ್ತದೆ. ಚರ್ಮದ ಮೇಲಿನ ಬಳಕೆಗೆ ಮಾಡುತ್ತಿದ್ದರೆ ಪಿಹೆಚ್ 5.5ರ ಸುತ್ತ ಇಟ್ಟರೂ ನ್ಯಾಯವೇ, ಆರೋಗ್ಯವಂತ ಚರ್ಮದ ಮೇಲ್ಮೈ ಹುಳಿಯ ಕಡೆಗೇ ಇರುತ್ತದೆ, ಹುಳಿಯಲ್ಲಿ ಕರ್ಕ್ಯುಮಿನ್ ಎಷ್ಟೋ ಗಟ್ಟಿ. ಆದರೆ ನನಗೆ ಇಷ್ಟವಾದ ದಾರಿ ಬೇರೆ. ಗ್ರಾಫ್‌ಗೆ ಹೊರಗೆ ಬಂದದ್ದನ್ನು ನೆಚ್ಚಬೇಡಿ, ಒಳಗೆ ಉಳಿದದ್ದನ್ನು ಅಳೆಯಿರಿ. ಪ್ರತಿ ಸಮಯಕ್ಕೂ ಬೇರೆ ಬೇರೆ ಬಾಟಲಿ, ಬೇರೆ ಬೇರೆ ತೂಗಿದ ತುಂಡು. ಒಂದು ಗಂಟೆಗೆ ಮೂರು ತುಂಡು ತೆಗೆದು ಕರಗಿಸಿ, ಆರು ಗಂಟೆಗೆ ಮೂರು, ಒಂದು ದಿನಕ್ಕೆ ಮೂರು. ಮ್ಯಾಟ್ ಜಾಸ್ತಿ ಬೇಕು, ಕೈಕೆಲಸ ಜಾಸ್ತಿ, ನಿಜ. ಆದರೆ ಬಾಟಲಿಯಲ್ಲಿ ಏನೇ ಒಡೆದು ಹೋದರೂ ನಿಮ್ಮ ಉತ್ತರ ಹಾಳಾಗುವುದಿಲ್ಲ.

"ಏನೂ ಬಿಡ್ತಾ ಇಲ್ಲ" ಅನ್ನುವವರಿಗೆ

ಒಂದು ಸಣ್ಣ ಲೆಕ್ಕ ಮಾಡಿ. 10 ಮಿಲಿಗ್ರಾಂ ಮ್ಯಾಟ್, ಅದರಲ್ಲಿ 5 ಪರ್ಸೆಂಟ್ ಕರ್ಕ್ಯುಮಿನ್. ಅಂದರೆ ಅರ್ಧ ಮಿಲಿಗ್ರಾಂ. 20 ಮಿ.ಲೀ. ಬಫರ್‌ಗೆ ಹಾಕಿದ್ದೀರಿ. ಪೂರ್ತಿ ಹೊರಗೆ ಬಂದರೆ ಮಿ.ಲೀ.ಗೆ 25 ಮೈಕ್ರೋಗ್ರಾಂ ಆಗಬೇಕು. ಬರೀ ಬಫರ್ ಅಷ್ಟು ಕರ್ಕ್ಯುಮಿನ್ ಕರಗಿಸಿಕೊಳ್ಳುವ ಮಾತೇ ಇಲ್ಲ, ಅದು ನೀರಿನಲ್ಲಿ ಕರಗದ ವಸ್ತು. ಬಾಟಲಿ ತುಂಬಿತು, ಎಳೆ ಬಿಡುವುದನ್ನು ನಿಲ್ಲಿಸಿತು. ತಪ್ಪು ಎಳೆಯದ್ದಲ್ಲ ಅಲ್ವಾ? ಔಷಧ ಪರೀಕ್ಷೆಯಲ್ಲಿ ಇದಕ್ಕೆ ಒಂದು ನಿಯಮವೇ ಇದೆ. ಹಾಕಿದ ಅಂಶವೆಲ್ಲಾ ಕರಗಿ ದ್ರಾವಣ ತುಂಬಿ ನಿಲ್ಲಲು ಎಷ್ಟು ದ್ರವ ಬೇಕೋ ಅದರ ಕನಿಷ್ಠ ಮೂರು ಪಟ್ಟು ಇಡಬೇಕು. ಇದನ್ನೇ ಸಿಂಕ್ ಕಂಡೀಷನ್ ಅನ್ನುವುದು. ಮೊದಲು ನಿಮ್ಮ ದ್ರವದಲ್ಲಿ ಕರ್ಕ್ಯುಮಿನ್ ಎಷ್ಟು ಕರಗುತ್ತದೆ ಅಂತ ಒಂದು ದಿನ ಶೇಕ್ ಮಾಡಿ ಅಳೆಯಿರಿ, ಆಮೇಲೆ ದ್ರವ ಎಷ್ಟು ಬೇಕು ಅಂತ ತೀರ್ಮಾನಿಸಿ. ಎಥನಾಲ್ ಜಾಸ್ತಿ ಸೇರಿಸಿ ಕರಗಿಸುವ ಆಸೆಗೆ ಬೀಳಬೇಡಿ. ಅದು ಎಳೆಯ ಒಳಗೂ ನುಗ್ಗಿ ಪಾಲಿಮರ್ ಉಬ್ಬಿಸುತ್ತದೆ, ರಿಲೀಸ್ ಸುಳ್ಳಾಗಿ ಜಾಸ್ತಿಯಾಗುತ್ತದೆ.

ಮತ್ತೊಂದು ಗುಟ್ಟು ಇಲ್ಲೇ ಇದೆ. ಆ 25 ಮೈಕ್ರೋಗ್ರಾಂ ನಿಜಕ್ಕೂ ಕರಗಿದ್ದರೂ 1 ಸೆಂ.ಮೀ. ಕ್ಯುವೆಟ್‌ನಲ್ಲಿ (ಓದಲು ದ್ರಾವಣ ಹಾಕುವ ಪುಟ್ಟ ಪಾತ್ರೆ) ಅಬ್ಸಾರ್ಬೆನ್ಸ್, ಅಂದರೆ ಬೆಳಕು ಹೀರಿದ ಅಳತೆ, 3 ದಾಟುತ್ತದೆ. ಅಷ್ಟರಲ್ಲಿ ಸಾಮಾನ್ಯ ಯುವಿ ಯಂತ್ರ ಸರಿಯಾಗಿ ಓದುವುದಿಲ್ಲ, ಗ್ರಾಫ್ ಮೇಲೆ ಹೋಗಿ ಚಪ್ಪಟೆಯಾಗುತ್ತದೆ. ರಿಲೀಸ್ ಮುಗೀತು ಅಂತ ನೀವು ಅಂದುಕೊಳ್ಳುತ್ತೀರಿ. ಓದು 1ರ ಒಳಗೆ ಬರುವ ಹಾಗೆ ತೆಳು ಮಾಡಿ ಓದಿ.

ಮ್ಯಾಟ್ ನೀರಿನ ಮೇಲೆ ತೇಲುತ್ತಿದೆಯಾ ಅಂತಲೂ ನೋಡಿ. ಪಿಸಿಎಲ್ ಮ್ಯಾಟ್ ನೀರು ಹಿಡಿಯುವುದಿಲ್ಲ, ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅರ್ಧ ಎಳೆಗಳಿಗೆ ನೀರೇ ಮುಟ್ಟಿರುವುದಿಲ್ಲ. ಕೆಲವರು ಎಥನಾಲ್‌ನಲ್ಲಿ ಅದ್ದಿ ತೇವ ಮಾಡುತ್ತಾರೆ. ಹಾಗೆ ಮಾಡಿದರೆ ಅದ್ದಿದ ಎಥನಾಲ್‌ಗೇ ಅರಿಶಿನ ಇಳಿದು ಹೋಗುತ್ತದೆ. ಸ್ಟೀಲ್ ಜಾಲರಿ ಇಟ್ಟು ಮುಳುಗಿಸಿ, ಟ್ವೀನ್ ಇರುವ ಬಫರ್ ಬಳಸಿ, ಬೇಕಾದರೆ ಸ್ವಲ್ಪ ಹೊತ್ತು ವ್ಯಾಕ್ಯೂಮ್ ಎಳೆದು ಗಾಳಿ ತೆಗೆಯಿರಿ.

ಪಿಎಲ್‌ಜಿಎ (ಲ್ಯಾಕ್ಟಿಕ್, ಗ್ಲೈಕಾಲಿಕ್ ಆಸಿಡ್ ಸೇರಿದ ಪಾಲಿಮರ್) ಮ್ಯಾಟ್ ಆದರೆ ಸಮಸ್ಯೆ ಬೇರೆ. ಅದು 37 ಡಿಗ್ರಿ ನೀರಿನಲ್ಲಿ ಕುಗ್ಗುತ್ತದೆ. ಒಣಗಿದ್ದಾಗ ಅದು ಮೆತ್ತಗಾಗುವ ಶಾಖ 45ರಿಂದ 55 ಡಿಗ್ರಿ. ನೀರು ಕುಡಿದಾಗ ಅದು ಕೆಳಗಿಳಿದು ದೇಹದ ಶಾಖದ ಹತ್ತಿರಕ್ಕೇ ಬರುತ್ತದೆ. ಎಳೆಯುವಾಗ ಬಿಗಿಯಾಗಿ ಹಿಗ್ಗಿದ್ದ ಎಳೆ ಆಗ ಸಡಿಲಾಗಿ ಮುದುಡುತ್ತದೆ, ಪಕ್ಕದ ಎಳೆಗೆ ಅಂಟಿಕೊಳ್ಳುತ್ತದೆ, ಸಂದುಗಳು ಮುಚ್ಚಿ ಹೋಗುತ್ತವೆ. ಹಾಕಿದಾಗ ಎರಡು ಸೆಂಟಿಮೀಟರ್ ಇದ್ದ ತುಂಡು ಮಾರನೆಯ ದಿನ ಬೆರಳುಗುರಿನಷ್ಟಾಗಿದ್ದರೆ ಕಾರಣ ಇದೇ. ಅಂಚುಗಳನ್ನು ಚೌಕಟ್ಟಿಗೆ ಬಿಗಿದು ಮುಳುಗಿಸಿ.

ಎಳೆಯದ್ದೇ ತಪ್ಪು ಅಂತ ಖಾತ್ರಿಯಾದ ಮೇಲೆ

ಲೆಕ್ಕ ಕೂಡಿತು, ಕಂಟ್ರೋಲ್ ಗಟ್ಟಿ ನಿಂತಿತು, ಆದರೂ ಮೊದಲ ಕೆಲವು ಗಂಟೆಗಳಲ್ಲೇ ಅರ್ಧಕ್ಕಿಂತ ಜಾಸ್ತಿ ಹೊರಗೆ. ಇದು ನಿಜವಾದ ಬರ್ಸ್ಟ್, ಒಮ್ಮೆಲೇ ಸುರಿದುಬಿಡುವುದು. ಇಲ್ಲಿ ಒಂದು ವಿಷಯ ತಲೆಯಲ್ಲಿರಲಿ. ಪಿಸಿಎಲ್ ಪೂರ್ತಿ ಕೊಳೆಯಲು ಎರಡು-ಮೂರು ವರ್ಷ ಬೇಕು. ನಿಮ್ಮ ಹದಿನೈದು ದಿನದ ಪರೀಕ್ಷೆಯಲ್ಲಿ ಪಾಲಿಮರ್ ಕೊಳೆತು ಅಂಶ ಹೊರಬರುವ ಪ್ರಶ್ನೆಯೇ ಇಲ್ಲ. ಬರುವುದೆಲ್ಲಾ ಒಳಗಿಂದ ಜರುಗಿ ಜರುಗಿ ಬಂದದ್ದು, ಇಲ್ಲವೇ ಮೊದಲೇ ಮೇಲ್ಮೈಯಲ್ಲಿ ಕೂತಿದ್ದದ್ದು. ಎರಡೂ ಆಸಿಡ್ ಸಮಪಾಲಿರುವ 50:50 ಪಿಎಲ್‌ಜಿಎ ಒಂದೆರಡು ತಿಂಗಳಲ್ಲಿ ಕೊಳೆಯುತ್ತದೆ, ಅಲ್ಲಿ ಕೊಳೆಯುವಿಕೆಯ ಪಾತ್ರವೂ ಇದೆ. ಆದರೆ ಮೊದಲ ದಿನದ ಬರ್ಸ್ಟ್‌ಗೆ ಅದೂ ಕಾರಣವಲ್ಲ.

ಮೇಲ್ಮೈಯಲ್ಲಿ ಕೂತಿದೆಯಾ ಅಂತ ತಿಳಿಯಲು ಸೆಮ್ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರ ನೋಡಿ. ಎಳೆ ನುಣುಪಾಗಿರಬೇಕು. ಮೇಲೆ ಸೂಜಿಯಂಥ, ಚೂರಿನಂಥ ಕಣ ಕಂಡರೆ ಅದು ಹೊರಗೆ ಬಂದು ಹರಳಾದ ಕರ್ಕ್ಯುಮಿನ್. ಪಾಲಿಮರ್ ಹಿಡಿದುಕೊಳ್ಳಬಲ್ಲದ್ದಕ್ಕಿಂತ ಜಾಸ್ತಿ ತುಂಬಿದ್ದೀರಿ ಅಂತ ಅರ್ಥ. ಡಿಎಸ್‌ಸಿಯಲ್ಲಿ (ಬಿಸಿ ಮಾಡುತ್ತಾ ಕರಗುವುದನ್ನು ಗುರುತಿಸುವ ಯಂತ್ರ) ಕರ್ಕ್ಯುಮಿನ್ ಕರಗುವ 183 ಡಿಗ್ರಿ ಹತ್ತಿರ ಪೀಕ್ ಕಾಣಲಿಲ್ಲ, ಹಾಗಾಗಿ ಹರಳಿಲ್ಲ ಅಂತ ಥೀಸಿಸ್‌ನಲ್ಲಿ ಬರೆಯುವವರು ಸ್ವಲ್ಪ ತಡೆಯಿರಿ. ಪಿಸಿಎಲ್ 60 ಡಿಗ್ರಿಗೇ ಕರಗುತ್ತದೆ. ಅಲ್ಲಿಂದ 183ಕ್ಕೆ ಹೋಗುವಷ್ಟರಲ್ಲಿ ಹರಳು ಆ ಕರಗಿದ ಪಾಲಿಮರ್‌ನಲ್ಲೇ ಲೀನವಾಗಿ ಹೋಗಿರಬಹುದು, ಪೀಕ್ ಎಲ್ಲಿಂದ ಬರಬೇಕು? ಬಿಸಿ ಮಾಡದೆ ಎಕ್ಸ್-ರೇಯಿಂದ ಹರಳು ಪತ್ತೆ ಮಾಡುವ ಎಕ್ಸ್‌ಆರ್‌ಡಿಯೇ ಇಲ್ಲಿ ನಂಬಿಕೆಯದ್ದು. ಹರಳಿದ್ದರೆ ಪ್ರಮಾಣ ಇಳಿಸಿ. 10 ಪರ್ಸೆಂಟ್‌ನಿಂದ 3ಕ್ಕೆ ಇಳಿಸಲು ಗೈಡ್ ಒಪ್ಪದಿದ್ದರೆ ಆ ಎಕ್ಸ್‌ಆರ್‌ಡಿ ಚಿತ್ರವನ್ನು ಅವರ ಮುಂದಿಡಿ.

ಹರಳಿಲ್ಲ, ಆದರೂ ಬೇಗ ಬಿಡುತ್ತಿದೆ ಅಂದರೆ ಎಳೆಯ ದಪ್ಪ ಅಳೆಯಿರಿ. ಎಲ್ಲರಿಗೂ ಯಾಕೋ 200 ನ್ಯಾನೋಮೀಟರ್ ಎಳೆ ತೆಗೆದರೇ ಸಮಾಧಾನ. ನಿಧಾನ ಬಿಡಬೇಕು ಅನ್ನುವವರಿಗೆ ಅದು ತದ್ವಿರುದ್ಧ. ಹೆರೆದ ಬೆಲ್ಲ ಬೇಗ ಕರಗುತ್ತದೆ, ಅಚ್ಚು ನಿಧಾನ. ಒಳಗಿಂದ ಹೊರಗೆ ಬರಲು ಹಿಡಿಯುವ ಸಮಯ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತದೆ. 300 ನ್ಯಾನೋಮೀಟರ್ ಎಳೆಗಿಂತ 3 ಮೈಕ್ರಾನ್ ಎಳೆ ಹತ್ತು ಪಟ್ಟು ದಪ್ಪ, ಸಮಯ ನೂರು ಪಟ್ಟು. ಬೇರೆ ಯಾವ ಬದಲಾವಣೆಯೂ ಇಷ್ಟು ಕೊಡುವುದಿಲ್ಲ. ದ್ರಾವಣದಲ್ಲಿ ಪಾಲಿಮರ್ ಜಾಸ್ತಿ ಮಾಡಿ, ಹರಿವು ಸ್ವಲ್ಪ ಏರಿಸಿ, ದಪ್ಪ ಎಳೆ ತೆಗೆದು ನೋಡಿ. ಕೋ-ಆಕ್ಸಿಯಲ್ ಸೂಜಿ (ಒಂದರೊಳಗೊಂದು ಇರುವ ಜೋಡಿ ಸೂಜಿ) ಕೊಳ್ಳುವ ಮುಂಚೆ ಇದನ್ನು ಮಾಡಲೇಬೇಕು.

ಮಳೆಗಾಲ ಮತ್ತು ಏಪ್ರಿಲ್

ಮುಂಬೈ, ಗೋವಾದವರಿಗೆ ಮಾತ್ರ ಬರುವ ಒಂದು ಕಾಯಿಲೆ ಇದೆ. ಮುಂಬೈಯ ಪರೇಲ್ ಕಡೆಯ ಒಂದು ಲ್ಯಾಬ್‌ನಿಂದ ವಿಜಯಪುರದ ಹುಡುಗನೊಬ್ಬ ಫೋನ್ ಮಾಡಿದ್ದ.

"ಅಕ್ಕಾ, ರೆಸಿಪಿ ಅದೇ ಐತಿ, ಪಿಸಿಎಲ್ ಬಾಟಲಿನೂ ಅದೇ. ಜೂನ್ ಆದಮ್ಯಾಲೆ ಮಾಡಿದ್ ಮ್ಯಾಟ್ ಎಲ್ಲಾ ಲಗೂನ ಬಿಡಾಕತ್ತಾವ."

"ಎಸಿ ಹಾಕಿದ್ದೀಯೇನಪ್ಪಾ?"

"ಹಾಕೀನಿ ಅಕ್ಕಾ. ರೂಮ್‌ನ್ಯಾಗ ತಂಪೈತಿ."

"ಚೇಂಬರ್ ಒಳಗೆ ಹೈಗ್ರೋಮೀಟರ್ ಇಟ್ಟು ನೋಡು. ರೂಮಲ್ಲಿ ಅಲ್ಲ, ಒಳಗೆ."

ಇಟ್ಟು ನೋಡಿದರೆ ತೇವಾಂಶ ರೂಮಿನದ್ದೇ ಒಂದು ಅಂಕಿ, ಚೇಂಬರಿನದ್ದೇ ಒಂದು. ಎಕ್ಸಾಸ್ಟ್ ಫ್ಯಾನ್ ಆವಿಯನ್ನು ಹೊರಗೆ ತಳ್ಳುವಾಗ ಅಷ್ಟೇ ಗಾಳಿಯನ್ನು ಕಿಟಕಿ ಸಂದಿಯಿಂದ ಒಳಗೆ ಎಳೆಯುತ್ತಿತ್ತು. ಜುಲೈನ ಮುಂಬೈ ಗಾಳಿ, ತೇವಾಂಶ 80ಕ್ಕಿಂತ ಮೇಲೆ.

ಇದರಿಂದ ಎಳೆಗೆ ಏನಾಗುತ್ತದೆ ಅಂದರೆ, ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್‌ನಂಥ ದ್ರಾವಕ ಬಹಳ ಬೇಗ ಆವಿಯಾಗುತ್ತದೆ, ಡೈಕ್ಲೋರೋಮೀಥೇನ್ 40 ಡಿಗ್ರಿಗೇ ಕುದಿಯುತ್ತದೆ. ಆವಿಯಾಗುವಾಗ ಎಳೆಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಸಣ್ಣ ಹನಿಗಳಾಗಿ ಕೂರುತ್ತದೆ, ಆ ಹನಿ ಒಣಗಿದ ಜಾಗದಲ್ಲಿ ತೂತು ಉಳಿಯುತ್ತದೆ. ಸೆಮ್‌ನಲ್ಲಿ ನೋಡಿದರೆ ಎಳೆಯ ಮೈತುಂಬಾ ಸಣ್ಣ ಸಣ್ಣ ಗುಳಿ. ಮೇಲ್ಮೈ ಜಾಸ್ತಿಯಾಯಿತು, ನೀರು ಒಳಗೆ ಹೋಗಲು ದಾರಿಯಾಯಿತು, ಬೇಗ ಬಿಡುತ್ತದೆ. ಹುಡುಗನ ಮಾರ್ಚ್ ತಿಂಗಳ ಮ್ಯಾಟ್ ನುಣುಪಾಗಿತ್ತು, ಜುಲೈನದ್ದು ಗುಳಿ ಗುಳಿ. ಎರಡು ಚಿತ್ರ ಪಕ್ಕ ಪಕ್ಕ ಇಟ್ಟ ಮೇಲೆ ವಾದಕ್ಕೆ ಜಾಗವೇ ಇರಲಿಲ್ಲ. ಡಿಹ್ಯುಮಿಡಿಫೈಯರ್ ಇಟ್ಟು, ಒಳಗೆ ಬರುವ ಗಾಳಿಗೆ ಒಂದೇ ದಾರಿ ಬಿಟ್ಟು, ಆ ದಾರಿಯಲ್ಲೇ ಗಾಳಿ ಒಣಗುವ ಹಾಗೆ ಮಾಡಿ 40-50ರೊಳಗೆ ತಂದರು. ಸಿಲಿಕಾ ಜೆಲ್ ತಟ್ಟೆಯಿಂದ ಇದಾಗದು, ಓಡುವ ಗಾಳಿಯನ್ನು ಅದು ಒಣಗಿಸಲಾರದು.

ಪುಣೆಯಲ್ಲಿ ಇದು ಪೂರಾ ಉಲ್ಟಾ. ಏಪ್ರಿಲ್ ಮಧ್ಯಾಹ್ನ ಅಲ್ಲಿ ತೇವಾಂಶ 20ರ ಆಸುಪಾಸಿಗೂ ಇಳಿಯುವುದುಂಟು. ಸೂಜಿಯ ತುದಿಯಲ್ಲೇ ದ್ರಾವಣ ಒಣಗಿ ಗಂಟು ಕಟ್ಟುತ್ತದೆ. ಮುಂಬೈ ಗೆಳೆಯ ಕೊಟ್ಟ ರೆಸಿಪಿ ಪುಣೆಯಲ್ಲಿ ನಡೆಯುವುದಿಲ್ಲ ಅಂತ ಗೆಳೆಯನ ಮೇಲೆ ಸಿಟ್ಟಾಗಬೇಡಿ. ಡಿಎಂಎಫ್‌ನಂಥ ನಿಧಾನ ಆರುವ ದ್ರಾವಕ ಸ್ವಲ್ಪ ಬೆರೆಸಿ, ಅದು 153 ಡಿಗ್ರಿಗೆ ಕುದಿಯುವಂಥದ್ದು, ಸೂಜಿ ತುದಿ ಒದ್ದೆಯಾಗಿ ಉಳಿಯುತ್ತದೆ. ನೋಟ್‌ಬುಕ್‌ನಲ್ಲಿ ಕಿಲೋವೋಲ್ಟ್, ದೂರ, ಹರಿವಿನ ಜೊತೆ ಚೇಂಬರಿನ ತೇವಾಂಶ ಮತ್ತು ಶಾಖವನ್ನೂ ಬರೆಯಿರಿ. ಬರೆಯದಿದ್ದರೆ ಆರು ತಿಂಗಳ ಮೇಲೆ ಎರಡು ಮ್ಯಾಟ್ ಯಾಕೆ ಬೇರೆ ಅಂತ ಯಾರಿಗೂ ಹೇಳಲಾಗುವುದಿಲ್ಲ.

ಫ್ರೀಜರ್‌ನಿಂದ ತೆಗೆದ ಪಿಎಲ್‌ಜಿಎ ಬಾಟಲಿಯನ್ನು ತಕ್ಷಣ ತೆರೆಯುವ ಅಭ್ಯಾಸವನ್ನೂ ಬಿಡಿ. ಕರಾವಳಿ ಗಾಳಿಯಲ್ಲಿ ಮುಚ್ಚಳ ತೆಗೆದ ಕೂಡಲೇ ಒಳಗೆ ಮಂಜು ಕೂರುತ್ತದೆ. ಆ ನೀರೇ ಪಾಲಿಮರ್ ಸರಪಳಿಯನ್ನು ಕತ್ತರಿಸುವುದು. ಬಾಟಲಿ ರೂಮಿನ ಶಾಖಕ್ಕೆ ಬಂದ ಮೇಲೆ ತೆರೆಯಿರಿ. ಅಸಿಟಿಕ್ ಅಥವಾ ಫಾರ್ಮಿಕ್ ಆಸಿಡ್‌ನಲ್ಲಿ ಪಿಸಿಎಲ್ ಕರಗಿಸುವವರಿಗೂ ಇದೇ ಮಾತು. ಇಟ್ಟಷ್ಟೂ ಸರಪಳಿ ತುಂಡಾಗುತ್ತದೆ, ದ್ರಾವಣ ತೆಳುವಾಗುತ್ತದೆ, ಸೋಮವಾರ ಚೆನ್ನಾಗಿ ಬಂದ ಎಳೆಯಲ್ಲಿ ಶುಕ್ರವಾರ ಮಣಿ ಪೋಣಿಸಿದಂಥ ಗಂಟುಗಳು.

ಓಂಕಾಳು, ಲವಂಗ: ಹಾರಿ ಹೋಗುವವರು

ಓಂಕಾಳಿನ ಥೈಮಾಲ್, ಲವಂಗದ ಯೂಜಿನಾಲ್, ಥೈಮಾಲ್‌ನ ಹತ್ತಿರದ ನೆಂಟ ಕಾರ್ವಕ್ರಾಲ್ ಇವುಗಳದ್ದು ಬೇರೆಯೇ ಕಥೆ. ಇವು ಆವಿಯಾಗುವ ಎಣ್ಣೆಗಳ ಅಂಶಗಳು. ಡಿಎಂಎಫ್ ಪೂರ್ತಿ ಹೋಗಲಿ ಅಂತ ಮ್ಯಾಟನ್ನು ರಾತ್ರಿಯಿಡೀ 40 ಡಿಗ್ರಿಯಲ್ಲಿ ವ್ಯಾಕ್ಯೂಮ್ ಓವನ್‌ನಲ್ಲಿ ಇಡುತ್ತೀರಿ. ಥೈಮಾಲ್ ಕರಗುವುದೇ 50 ಡಿಗ್ರಿ ಹತ್ತಿರ. ಡಿಎಂಎಫ್ ಜೊತೆ ಅದೂ ಪಂಪ್ ದಾರಿ ಹಿಡಿಯುತ್ತದೆ. ಬೆಳಿಗ್ಗೆ ಓವನ್ ಬಾಗಿಲು ತೆಗೆದಾಗ ಘಮ್ಮಂತ ಓಂಕಾಳಿನ ವಾಸನೆ ಬಂದರೆ ಖುಷಿಪಡಬೇಡಿ, ನಿಮ್ಮ ಮಾಲು ಮ್ಯಾಟ್‌ನಿಂದ ಹೊರಬಂದಿದೆ. ಇಲ್ಲಿ ಒಣಗಿಸುವ ಮುಂಚೆ ಒಂದು ತುಂಡು, ಒಣಗಿಸಿದ ಮೇಲೆ ಒಂದು ತುಂಡು ಕರಗಿಸಿ ಅಳೆಯಲೇಬೇಕು. ಡಿಎಂಎಫ್ ಬಳಸದೆ ಬೇಗ ಆರುವ ದ್ರಾವಕದಲ್ಲೇ ಎಳೆಯಲಾಗುತ್ತದಾ ನೋಡಿ, ಮ್ಯಾಟನ್ನು ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿಡಿ.

ಡಿಎಂಎಫ್ ಉಳಿದರೂ ತಾಪತ್ರಯವೇ. ಅದು ಸುಮಾರು 268 ನ್ಯಾನೋಮೀಟರ್‌ನ ಕೆಳಗೆ ಬೆಳಕು ಹೀರುತ್ತದೆ. ನೀವು ಥೈಮಾಲ್ ಓದುವುದು 275ರ ಹತ್ತಿರ. ಎರಡರ ನಡುವೆ ಅಂತರ ಬಹಳ ಕಮ್ಮಿ. ಮೊದಲ ಗಂಟೆಯಲ್ಲಿ ನೀರಿಗೆ ಇಳಿಯುವ ಡಿಎಂಎಫ್ ಕೂಡ ಬರ್ಸ್ಟ್ ತರಹ ಕಾಣಬಹುದು. ಜೆಲಾಟಿನ್ ಬೆರೆಸಿದ್ದರೆ ಪ್ರೋಟೀನ್ ಕೂಡ 280ರಲ್ಲಿ ಕೈಯಾಡಿಸುತ್ತದೆ. ಅಂಶ ಹಾಕದ ಖಾಲಿ ಮ್ಯಾಟನ್ನೂ ಅದೇ ರೀತಿ ಪರೀಕ್ಷೆಗೆ ಇಟ್ಟು ಅದರ ಓದನ್ನು ಕಳೆಯಿರಿ. ಒಂದು ಅಲೆಯುದ್ದ ಓದಿ ಸುಮ್ನೆ ಬಿಡಬೇಡಿ, ಪೂರ್ತಿ ಸ್ಕ್ಯಾನ್ ತೆಗೆಯಿರಿ. ಗೆರೆಯ ಆಕಾರವೇ ಒಳಗೆ ಯಾರಿದ್ದಾರೆ ಅಂತ ಹೇಳುತ್ತದೆ.

ಕೋಕಂ, ಬೇವಿನೆಲೆ ಸಾರ

ಗೋವಾ ಕಡೆಯವರು ಕೋಕಂ ಬಣ್ಣವನ್ನು ಪಿಸಿಎಲ್‌ನಲ್ಲಿ ಹಾಕಿ ನಿಧಾನ ಬಿಡಿಸಬೇಕು ಅಂತ ಒದ್ದಾಡುವುದು ನೋಡಿದ್ದೇನೆ. ಆ ಕೆಂಪು ಬಣ್ಣ ಆಂಥೋಸಯನಿನ್, ನೀರಿನಲ್ಲಿ ಸಲೀಸಾಗಿ ಕರಗುವಂಥದ್ದು. ಪಿಸಿಎಲ್ ನೀರು ಕಂಡರೆ ದೂರ. ಇಬ್ಬರಿಗೂ ಆಗದು. ದ್ರಾವಕ ಆರುತ್ತಿದ್ದ ಹಾಗೆ ಬಣ್ಣ ಎಳೆಯ ಹೊರಮೈಗೆ ಬಂದು ಕೂರುತ್ತದೆ, ನೀರಿಗೆ ಹಾಕಿದ ನಿಮಿಷಗಳಲ್ಲಿ ಎಲ್ಲಾ ಹೊರಗೆ. ಇಲ್ಲಿ ವೋಲ್ಟೇಜ್ ತಿರುಗಿಸಿ ಏನೂ ಸಿಗುವುದಿಲ್ಲ. ಬಣ್ಣವನ್ನು ಒಳಗೆ, ಪಿಸಿಎಲ್ಲನ್ನು ಹೊರಗೆ ಇಡುವ ಕೋ-ಆಕ್ಸಿಯಲ್ ಸೂಜಿ ಇಲ್ಲಿ ನಿಜಕ್ಕೂ ಬೇಕು. ಅಳೆಯುವಾಗಲೂ ಎಚ್ಚರ. ಆ ಬಣ್ಣ ಪಿಹೆಚ್ ಬದಲಾದಂತೆ ಬದಲಾಗುತ್ತದೆ, 7.4ರಲ್ಲಿ ಕೆಂಪು ಉಳಿಯುವುದಿಲ್ಲ. ಮಾದರಿಯನ್ನು ಪಿಹೆಚ್ 1ಕ್ಕೂ 4.5ಕ್ಕೂ ತಂದು 520ರಲ್ಲೂ 700ರಲ್ಲೂ ಓದಿ ವ್ಯತ್ಯಾಸ ತೆಗೆಯುವ ರೂಢಿಯ ವಿಧಾನವಿದೆ, ಅದನ್ನೇ ಹಿಡಿಯಿರಿ.

ಬೇವಿನೆಲೆ, ತುಳಸಿಯ ಕಚ್ಚಾ ಸಾರ ಹಾಕುವವರಿಗೆ ಸೂಜಿ ಕಟ್ಟಿಕೊಳ್ಳುವುದು ದಿನದ ಗೋಳು. ಅದರಲ್ಲಿ ಸಕ್ಕರೆ, ಉಪ್ಪು, ಟ್ಯಾನಿನ್, ಹಸಿರು ಎಲ್ಲವೂ ಇರುತ್ತದೆ, ಅರ್ಧ ಭಾಗ ನಿಮ್ಮ ದ್ರಾವಕದಲ್ಲಿ ಕರಗಿಯೇ ಇರುವುದಿಲ್ಲ. ಪಾಲಿಮರ್ ಹಾಕುವ ಮೊದಲೇ ಸಾರವನ್ನು ದ್ರಾವಕದಲ್ಲಿ ಕಲಸಿ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರ್‌ನಲ್ಲಿ ಸೋಸಿ. ಜೆಲಾಟಿನ್ ಜೊತೆ ಟ್ಯಾನಿನ್ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಆಮೇಲೆ ಬಿಡು ಅಂದರೆ ಬಿಡುವುದಿಲ್ಲ. ನೀರಿನಲ್ಲಿ ಕರಗುವ ಪಿವಿಎ ಪಾಲಿಮರ್‌ನ ಎಳೆಯನ್ನು ನೀರಿಗೆ ಗಟ್ಟಿ ಮಾಡಲು ಮೆಥನಾಲ್‌ನಲ್ಲಿ ನೆನೆಸುವವರು ನೆನೆಸಿದ ಆ ಮೆಥನಾಲನ್ನೂ ಅಳೆಯಿರಿ. ಕರ್ಕ್ಯುಮಿನ್ ಆದರೆ ಅಲ್ಲೇ ಸಾಕಷ್ಟು ಇಳಿದಿರುತ್ತದೆ.

ಜೆಟ್ ಸರಿಯಿಲ್ಲ ಅಂದರೆ

ಜೆಟ್ ಅಂದರೆ ಸೂಜಿಯಿಂದ ಚಿಮ್ಮುವ ದ್ರಾವಣದ ಧಾರೆ. ಇದು ಬೇಗ ಹೇಳಿ ಮುಗಿಸುತ್ತೇನೆ. ಮಣಿ ಬಂದರೆ ದ್ರಾವಣ ತೆಳು, ಪಾಲಿಮರ್ ಏರಿಸಿ. ಎಳೆಗಳು ಒದ್ದೆಯಾಗಿ ಅಂಟಿದ್ದರೆ ದೂರ ಜಾಸ್ತಿ ಮಾಡಿ, ಹರಿವು ಇಳಿಸಿ. ಎಳೆ ಕಲೆಕ್ಟರ್ ಬಿಟ್ಟು ಅಕ್ಕಪಕ್ಕ ಹಾರುತ್ತಿದ್ದರೆ ಮೊದಲು ಅರ್ತ್ ವೈರ್ ಸಡಿಲಾಗಿದೆಯಾ ನೋಡಿ, ಆಮೇಲೆ ಮ್ಯಾಟ್ ತುಂಬಾ ದಪ್ಪವಾಗಿ ಚಾರ್ಜ್ ಇಳಿಯದೆ ಕೂತಿದೆಯಾ ನೋಡಿ. ಮುಟ್ಟುವ ಮೊದಲು ಪವರ್ ಆಫ್ ಮಾಡಿ, ಅರ್ತ್ ಮಾಡಿದ ಕೋಲಿನಿಂದ ಸೂಜಿ, ಕಲೆಕ್ಟರ್ ಎರಡನ್ನೂ ಮುಟ್ಟಿಸಿ ಚಾರ್ಜ್ ಇಳಿಸಿ. 15 ಕಿಲೋವೋಲ್ಟ್ ಇದು, ಅಸಡ್ಡೆ ಬೇಡ. ಅಸಿಟೋನ್ ಆವಿ ತುಂಬಿದ ಚೇಂಬರ್‌ನಲ್ಲಿ ಒಂದು ಕಿಡಿ ಸಾಕು ಬೆಂಕಿಗೆ. ಎಕ್ಸಾಸ್ಟ್ ಓಡುತ್ತಿಲ್ಲವಾದರೆ ಆ ದಿನ ಎಳೆ ತೆಗೆಯಬೇಡಿ. ಡಿಎಂಎಫ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ಲಿವರ್‌ಗೆ ಕೆಟ್ಟದ್ದು, ಬಸುರಿಯರು ಅದರ ಹತ್ತಿರ ಹೋಗಲೇಬಾರದು.

ಮಾಡೆಲ್ ಕೂರಿಸುವ ಮೊದಲು

ರಿಲೀಸ್ ಸಮಯದ ಜೊತೆ ಹೇಗೆ ಏರುತ್ತದೆ ಅಂತ ಹೇಳುವ ಕೋರ್ಸ್‌ಮೇಯರ್-ಪೆಪ್ಪಾಸ್ ಸಮೀಕರಣಕ್ಕೆ ಡೇಟಾ ಕೂರಿಸುವಾಗ ಮೊದಲ 60 ಪರ್ಸೆಂಟ್ ರಿಲೀಸ್ ಮಾತ್ರ ಬಳಸಿ. ಎಳೆ ದುಂಡಗಿರುವುದರಿಂದ ಬರೀ ಡಿಫ್ಯೂಷನ್ (ಒಳಗಿಂದ ಜರುಗಿ ಬರುವುದು) ಇದ್ದರೆ ಅದರ ಎನ್ ಬೆಲೆ, ಅಂದರೆ ಸಮಯದ ಘಾತ, 0.45. ಎಷ್ಟೋ ಕಡೆ ಚಪ್ಪಟೆ ಹಾಳೆಗೆ ಇರುವ 0.5ನ್ನು ಎಳೆಗೂ ಹಚ್ಚಿರುತ್ತಾರೆ. ಮೊದಲ ಓದಿನಲ್ಲೇ 70 ಪರ್ಸೆಂಟ್ ದಾಟಿದ್ದರೆ ಈ ಮಾಡೆಲ್‌ಗೆ ಕೊಡಲು ನಿಮ್ಮ ಹತ್ತಿರ ಡೇಟಾ ಇಲ್ಲ. ಆಗ 5, 15, 30 ನಿಮಿಷಕ್ಕೆ ಓದು ತೆಗೆದು ಪರೀಕ್ಷೆ ಮತ್ತೆ ಮಾಡಿ.

ಹಳೆಯ ಮ್ಯಾಟ್

ಹೋದ ತಿಂಗಳ ಮ್ಯಾಟ್ ಈ ತಿಂಗಳು ಬೇರೆ ತರಹ ಬಿಡುತ್ತಿದ್ದರೆ ಅದು ಭ್ರಮೆಯಲ್ಲ. ಪಿಸಿಎಲ್ ರೂಮಿನ ಶಾಖದಲ್ಲೂ ನಿಧಾನವಾಗಿ ಜೋಡಣೆಗೊಳ್ಳುತ್ತಾ ಇರುತ್ತದೆ, ಹರಳಾದ ಭಾಗ ಏರುತ್ತದೆ, ಒಳಗಿದ್ದ ಕರ್ಕ್ಯುಮಿನ್ ಅಲ್ಲಿಂದ ಹೊರಗೆ ತಳ್ಳಿಸಿಕೊಂಡು ಮೇಲ್ಮೈಗೆ ಬರಬಹುದು. ಅಳತೆಯಲ್ಲಿ ಒಟ್ಟು ಪ್ರಮಾಣ ಸರಿಯಾಗಿಯೇ ಇರುತ್ತದೆ, ಜಾಗ ಮಾತ್ರ ಬದಲಾಗಿರುತ್ತದೆ. ಹೊಸ ಮ್ಯಾಟ್‌ನ ಎಕ್ಸ್‌ಆರ್‌ಡಿ ಒಂದು, ತಿಂಗಳಾದ ಮೇಲೆ ಅದೇ ಮ್ಯಾಟ್‌ನ ಎಕ್ಸ್‌ಆರ್‌ಡಿ ಇನ್ನೊಂದು ತೆಗೆದಿಡಿ. ಮ್ಯಾಟನ್ನು ಫಾಯಿಲ್ ಸುತ್ತಿ, ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿ, 4 ಡಿಗ್ರಿಯಲ್ಲಿ ಇಡಿ. ಡಬ್ಬಿಯ ಮೇಲೆ ಎಳೆ ತೆಗೆದ ತಾರೀಖು ಬರೆಯಿರಿ. ಒಂದು ಗ್ರಾಫ್‌ನ ಎಲ್ಲಾ ತುಂಡುಗಳೂ ಒಂದೇ ದಿನದ, ಒಂದೇ ವಯಸ್ಸಿನ ಮ್ಯಾಟ್‌ನಿಂದ ಬಂದಿರಲಿ. ತುಂಡು ಸಾಲದೆ ಬಂದರೆ ಇನ್ನೊಂದು ಬ್ಯಾಚ್‌ನದ್ದು ಸೇರಿಸಬೇಡಿ, ದೊಡ್ಡ ಮ್ಯಾಟ್ ಮಾಡಿ ಪರೀಕ್ಷೆ ಮೊದಲಿಂದ ಶುರು ಮಾಡಿ.